ಹಗ್ಗ ಸುತ್ತಿದ ಕೈ

ಮಗಳ ಬಗ್ಗೆ ಯಾರಾದರೂ ಕೇಳಿದರೆ ದೂಮಪ್ಪ ತನ್ನದೇ ಬಾಲ್ಯವನ್ನು ಹೇಳಿಬಿಡುತ್ತಿದ್ದ. ಗಲ್ಫಿನಲ್ಲಿ ಮಕ್ಕಳನ್ನು ಬೆಳೆಸಿದ ಅಪ್ಪಂದಿರಲ್ಲಿ ಬಹಳ ಮಂದಿಗೆ ಈ ಚಟ ಉಂಟು. ಮಕ್ಕಳು ಹುಟ್ಟಿದ್ದು ಮಸ್ಕತ್ತಿನ ಆಸ್ಪತ್ರೆಯಲ್ಲಿ, ಬೆಳೆದದ್ದು ಅಲ್ಲಿನ ವಾದಿ ಕಬೀರ್ ಬಡಾವಣೆಯ ಮೂರನೇ ಮಹಡಿಯಲ್ಲಿ, ಎ.ಸಿ. ಕೆಳಗೆ. ಅಪ್ಪ ಹೇಳುವಾಗ ಮಾತ್ರ ಅವರು ಗದ್ದೆಯ ಹುಣಿಯಲ್ಲಿ ಓಡುತ್ತಾರೆ, ಹೊಳೆಯಲ್ಲಿ ಈಜುತ್ತಾರೆ. ಇದರಿಂದ ಯಾರ ಗಂಟೂ ಹೋಗುವುದಿಲ್ಲ ಎಂದು ದೂಮಪ್ಪ ತಿಳಿದಿದ್ದ.

ಮಗಳು ತೃಪ್ತಿ ಹನ್ನೆರಡನೇ ಕ್ಲಾಸು. ಪಶುವೈದ್ಯೆ ಆಗಬೇಕೆಂದು ಎರಡು ವರ್ಷದಿಂದ ಹಟ ಹಿಡಿದಿದ್ದಳು. ಮಲೇಷ್ಯಾದ ಕಾಲೇಜೊಂದಕ್ಕೆ ಅರ್ಜಿ ಹಾಕಬೇಕಿತ್ತು. ಮಾರ್ಕು ಸಾಲದು, ಪಶುವೈದ್ಯರೊಬ್ಬರ ಕೈಕೆಳಗೆ ದೊಡ್ಡ ಪ್ರಾಣಿಗಳ ನಡುವೆ ಕೆಲಸ ಮಾಡಿರಬೇಕು, ಅವರೇ ಸಹಿ ಹಾಕಿದ ಪತ್ರ ಬೇಕು ಎಂಬುದು ಆ ಕಾಲೇಜಿನವರ ನಿಯಮ. ಕೊನೆಯ ದಿನಕ್ಕೆ ಏಳು ವಾರ ಉಳಿದಿತ್ತು. ಮಸ್ಕತ್ತಿನ ಮೂರು ಕ್ಲಿನಿಕ್ಕುಗಳು ವಿದ್ಯಾರ್ಥಿಗಳನ್ನು ಸೇರಿಸುವುದಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದ್ದವು.

ಕಡೆಗೆ ದಾರಿ ಮಾಡಿಕೊಟ್ಟವನು ಅನ್ಸಾರ್. ಉಪ್ಪಿನಂಗಡಿ ಕಡೆಯ ಬ್ಯಾರಿ, ಮಸ್ಕತ್ತಿನಿಂದ ದೂರದ ಕರಾವಳಿ ಊರು ಸುವೈಕ್‌ನಲ್ಲಿ ಮೇವಿನ ಅಂಗಡಿ ಇಟ್ಟವನು. ಅಂಗಡಿಯ ಹಿಂದೆಯೇ ಸುಡಾನಿನ ಪಶುವೈದ್ಯ ಇಬ್ರಾಹಿಂ ಅವರ ದೊಡ್ಡಿ. ಫೋನಿನಲ್ಲಿ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: "ಹುಡುಗಿಗೆ ದನದ ಅಭ್ಯಾಸ ಇದೆಯಾ?"

ಪಕ್ಕದಲ್ಲಿ ತೃಪ್ತಿ ಓದುತ್ತಾ ಕೂತಿದ್ದಳು. ದೂಮಪ್ಪ ಹಿಂದೆ ಮುಂದೆ ನೋಡಲಿಲ್ಲ. "ಎಂಟು ದನಗಳ ಹಟ್ಟಿಯಲ್ಲಿ ಬೆಳೆದವಳು ಡಾಕ್ಟ್ರೇ! ಐದನೇ ವಯಸ್ಸಿಗೇ ಹಾಲು ಕರೆಯುತ್ತಿದ್ದಳು. ಹೋರಿಗೆ ಮೂಗುದಾರ ಹಾಕುವಾಗ ಹಗ್ಗ ಹಿಡಿಯುತ್ತಿದ್ದವಳೇ ಇವಳು."

ತೃಪ್ತಿ ತಲೆ ಎತ್ತಿ ಅಪ್ಪನನ್ನು ನೋಡಿದಳು. ಆಮೇಲೆ ಪುಸ್ತಕ ನೋಡಿದಳು.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಸುವೈಕ್ ಕಡೆಗೆ ಹೊರಟರು. ದಾರಿಯಲ್ಲಿ ಬರ್ಕಾ ಊರು ದಾಟಿತು. ಆಮೇಲೆ ಹುಡುಗಿ ಕೇಳಿದಳು, "ಪಪ್ಪ, ಡಾಕ್ಟರ್ ದನದ ಬಗ್ಗೆ ಕೇಳಿದ್ರೆ ನಾನೆಂತ ಹೇಳ್ಲಿ?"

"ನೀನು ಎಂತದೂ ಹೇಳುದು ಬೇಡ. ಮೊದಲ ದಿನ ಸೂಜಿ ಡಬ್ಬ ಹಿಡಿಸ್ತಾರೆ, ಅಷ್ಟೇ."

"ಐ ಹ್ಯಾವ್ ನೆವರ್ ಟಚ್ಡ್ ಎ ಕೌ, ಪಪ್ಪ."

"ಮುಟ್ಟಿದ್ರೆ ಆಯ್ತಲ್ಲ. ದನ ಎಂತ ಸರ್ಟಿಫಿಕೇಟ್ ಕೇಳ್ತದಾ?" ದೂಮಪ್ಪ ಗದರಿದ. ಗ್ಯಾರೇಜಿನಲ್ಲಿ ಹತ್ತು ಜನ ಕೆಲಸಗಾರರನ್ನು ಗದರಿ ಅಭ್ಯಾಸವಾದ ಬಾಯಿ ಅದು.

ಅನ್ಸಾರ್ ಅಂಗಡಿಯ ಮುಂದೆಯೇ ಕಾದಿದ್ದ. "ಬನ್ನಿ ದೂಮಣ್ಣ, ಬಾ ಮಗಳೇ. ಚಾ ಆಮೇಲೆ ಕುಡಿಯುವ. ಡಾಕ್ಟರು ಆಗಿಂದ ನಿಮ್ಮನ್ನೇ ಕೇಳ್ತಾ ಇದ್ದಾರೆ. ಅವರ ಆಳು ರಜೆ ಮೇಲೆ ಊರಿಗೆ ಹೋಗಿದ್ದಾನೆ. ದನ ಗೊತ್ತಿದ್ದ ಹುಡುಗಿ ಬರ್ತಾಳೆ ಅಂತ ಒಂದು ಹೋರಿಯ ಕೆಲಸ ಇಟ್ಟುಕೊಂಡಿದ್ದಾರೆ."

ದೂಮಪ್ಪ ಮಗಳ ಮುಖ ನೋಡದೆ ದೊಡ್ಡಿಯ ಕಡೆಗೆ ನಡೆದ.

ಕಬ್ಬಿಣದ ಕೊಳವೆಗಳ ಬೇಲಿಯೊಳಗೆ ನಿಂತಿದ್ದ ಹೋರಿ ಸಾಮಾನ್ಯದ್ದಲ್ಲ. ಬಾತಿನಾ ಕರಾವಳಿಯವರು ಸಂಜೆ ಬಯಲಿನಲ್ಲಿ ಕಾದಾಟಕ್ಕೆ ಬಿಡುವ ಜಾತಿ. ಕಪ್ಪು ಮೈ, ಎತ್ತರದ ಹಿಣಿಲು, ಗಿಡ್ಡ ಕೊಂಬು. ಕಳೆದ ವಾರ ಎದುರಾಳಿಯ ಕೊಂಬು ತಾಗಿ ಎಡ ಹೆಗಲಿನಲ್ಲಿ ತೆಂಗಿನಕಾಯಿ ಗಾತ್ರದ ಕೀವಿನ ಗಡ್ಡೆ ಎದ್ದಿತ್ತು. ಮೂಗುದಾರವನ್ನು ಕಂಬಕ್ಕೆ ಕಟ್ಟಿದ್ದರು. ತಲೆಗೆ ಹಾಕಿದ ಇನ್ನೊಂದು ಹಗ್ಗವನ್ನು ಒಬ್ಬರು ಹಿಡಿದು, ಹೋರಿ ಎಡಕ್ಕೆ ತಿರುಗದಂತೆ ಬಲಕ್ಕೆ ಎಳೆದಿಟ್ಟುಕೊಳ್ಳಬೇಕಿತ್ತು.

ಡಾಕ್ಟರ್ ಇಬ್ರಾಹಿಂ ಎತ್ತರದ ಆಳು. ಹದಿನೈದು ವರ್ಷದ ಸುವೈಕ್ ವಾಸದಿಂದ ಅರಬ್ಬಿಯೊಳಗೆ ಹಿಂದಿ ಕಲಸಿ ಮಾತಾಡುತ್ತಿದ್ದರು. ತೃಪ್ತಿಯ ಕೈ ಕುಲುಕಿ ಹಗ್ಗ ಕೊಟ್ಟರು. "ನೀನು ಬಂದದ್ದು ಒಳ್ಳೆಯದಾಯಿತು. ಮರಗಟ್ಟುವ ಸೂಜಿ ಕೊಟ್ಟಿದ್ದೇನೆ, ಆದರೂ ಇವನು ಒಂದು ಸಲ ಜಾಡಿಸುತ್ತಾನೆ. ನಿನಗೆ ಗೊತ್ತೇ ಇದೆಯಲ್ಲ. ಯಲ್ಲಾ, ಬೇಗ, ಹೋರಿಯ ಮಾಲೀಕ ನಮಾಜಿಗೆ ಮೊದಲು ಬರುತ್ತಾನೆ."

ತೃಪ್ತಿ ಅಪ್ಪನತ್ತ ತಿರುಗಿದಳು. ಈಗ ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಹೇಳಿದರೆ ಪತ್ರ ಹೋಯಿತು, ಪತ್ರ ಹೋದರೆ ಈ ವರ್ಷದ ಅರ್ಜಿ ಹೋಯಿತು. ದೂಮಪ್ಪ ಬೇಲಿಯ ಹೊರಗೆ ನಿಂತು ಗಡ್ಡ ಕೆರೆದುಕೊಂಡ. "ಹಿಡ್ಕೋ ಮಗಾ. ಕಟ್ಟಿದ್ದಾರಲ್ಲ, ಎಂತ ಆಗುದಿಲ್ಲ," ಎಂದ.

ಹುಡುಗಿ ಒಳಗೆ ಹೋದಳು. ಡಾಕ್ಟರು ಎಡಗಡೆ ಬಗ್ಗಿ ಹೆಗಲಿನ ಕೂದಲು ಬೋಳಿಸಿದ ಜಾಗವನ್ನು ಒರೆಸತೊಡಗಿದರು. ತೃಪ್ತಿ ಹಗ್ಗ ಎಳೆದಳು. ಹಿಡಿತ ಜಾರಿತು. ಬೆವೆತ ಅಂಗೈಯನ್ನು ಪ್ಯಾಂಟಿಗೆ ಒರೆಸಿ, ಗಟ್ಟಿಯಾಗಿರಲಿ ಎಂದು ಹಗ್ಗವನ್ನು ಬಲಗೈಗೆ ಒಂದು ಸುತ್ತು ಸುತ್ತಿದಳು. ಮತ್ತೊಂದು ಸುತ್ತು.

ದೂಮಪ್ಪ ಅದನ್ನು ಕಂಡ. ಹಟ್ಟಿಯ ಮುಖ ಕಂಡ ಯಾವ ಮಗುವೂ ಈ ತಪ್ಪು ಮಾಡುವುದಿಲ್ಲ. ದನದ ಹಗ್ಗವನ್ನು ಮುಷ್ಟಿಯಲ್ಲಿ ಹಿಡಿಯಬೇಕು, ಎಳೆದರೆ ಬಿಟ್ಟುಬಿಡಬೇಕು. ಅವನ ಮಾವ ಹಾಗೆ ಸುತ್ತಿಕೊಂಡು, ಕೋಣ ಜಗ್ಗಿದಾಗ ಎರಡು ಬೆರಳು ಕಳಕೊಂಡಿದ್ದ. ಬೆರಳು ಕೆಸರಿನಲ್ಲಿ ಬಿದ್ದದ್ದನ್ನು ಒಂಬತ್ತು ವರ್ಷದ ದೂಮಪ್ಪ ಕಣ್ಣಾರೆ ಕಂಡಿದ್ದ.

ಕೂಗೋಣವೆಂದರೆ ಹೋರಿ ಬೆದರುತ್ತದೆ. ಬೆದರಿದರೆ ಮಗಳ ಕೈ ಮೊದಲು, ಡಾಕ್ಟರ ತಲೆ ಆಮೇಲೆ. ಡಾಕ್ಟರ ಕೈಯಲ್ಲಿ ಆಗಲೇ ಗಡ್ಡೆ ಕೊಯ್ಯುವ ಸಣ್ಣ ಕತ್ತಿ ಹೊಳೆಯುತ್ತಿತ್ತು.

ಜೀವಮಾನದಲ್ಲೇ ಕೂಗದೆ ಒಂದು ಕೆಲಸ ಮಾಡದ ಮನುಷ್ಯ ಅಂದು ಚಪ್ಪಲಿ ಬಿಟ್ಟು, ಬೇಲಿಯ ಕೊಳವೆಗಳ ನಡುವೆ ನುಸುಳಿದ. ಹೋರಿಯ ಕಣ್ಣಿಗೆ ಕಾಣುವ ಹಾಗೆ ಬಲಗಡೆಯಿಂದ, ಒಂದೊಂದೇ ಹೆಜ್ಜೆ. "ಹೋ... ಹೋ..." ಎಂದು ಮೂಗಿನಲ್ಲೇ ರಾಗ ಎಳೆದ. ಹೋರಿಯ ಕಿವಿ ಅವನತ್ತ ತಿರುಗಿತು. ಮಗಳ ಹತ್ತಿರ ಬಂದವನೇ ಅವಳ ಮಣಿಕಟ್ಟು ಹಿಡಿದ. ಒಂದು ಸುತ್ತು ಬಿಚ್ಚಿದ. ಎರಡನೆಯದು ಬಿಗಿದುಕೊಂಡಿತ್ತು. ಅವಳ ಬೆರಳುಗಳನ್ನು ಹಿಂಡಿ, ಬಳೆ ತೆಗೆದಂತೆ ಹಗ್ಗವನ್ನು ಕೆಳಗೆ ಜಾರಿಸಿದ.

ಅಷ್ಟರಲ್ಲಿ ಕತ್ತಿ ಇಳಿಯಿತು. ಹೋರಿ ಜಾಡಿಸಿತು.

ಹಗ್ಗ ದೂಮಪ್ಪನ ಅಂಗೈಯ ಚರ್ಮ ಸುಲಿದುಕೊಂಡು ಹೋಯಿತು. ಮಗಳನ್ನು ಬೇಲಿಗೆ ತಳ್ಳಿ ಅವನು ಮಂಡಿಯೂರಿ ಬಿದ್ದ. ಆ ಕಡೆ ಡಾಕ್ಟರು ಹೋರಿಯ ಕುತ್ತಿಗೆಯ ಹೊಡೆತಕ್ಕೆ ಅಂಗಾತ ಬಿದ್ದಿದ್ದರು. ಮೂಗುದಾರ ತಡೆಯಿತು, ಇಲ್ಲದಿದ್ದರೆ ಕತೆ ಬೇರೆಯಾಗುತ್ತಿತ್ತು. ಹೋರಿ ಬುಸುಗುಟ್ಟುತ್ತಾ ನಿಂತುಕೊಂಡಿತು. ಹೆಗಲಿನಿಂದ ಕೀವು ಸಣ್ಣಗೆ ಒಸರುತ್ತಿತ್ತು.

ಡಾಕ್ಟರು ಎದ್ದು ಮಣ್ಣು ಕೊಡವಲಿಲ್ಲ. ನೆಟ್ಟಗೆ ದೂಮಪ್ಪನ ಮುಂದೆ ಬಂದು ನಿಂತರು. "ಹಗ್ಗ ಯಾಕೆ ಬಿಡಿಸಿದೆ?"

"ಕೈಗೆ ಸುತ್ತಿದ್ದಳು."

"ಎಂಟು ದನಗಳ ಹಟ್ಟಿಯವಳು ಹಗ್ಗ ಕೈಗೆ ಸುತ್ತುತ್ತಾಳಾ?"

ದೂಮಪ್ಪನಿಗೆ ಸಿಟ್ಟು ನೆತ್ತಿಗೇರಿತು. ಸಿಕ್ಕಿಬಿದ್ದಾಗ ಅವನಿಗೆ ಮೊದಲು ಬರುವುದೇ ಸಿಟ್ಟು. "ಮೊದಲ ದಿನವೇ ಹುಡುಗಿಯನ್ನು ಇಂಥ ರಾಕ್ಷಸನ ಎದುರು ನಿಲ್ಲಿಸುವುದಾ? ನೀವು ಡಾಕ್ಟರಾ, ಕಟುಕರಾ?" ಎಂದು ಅರಚಿದ.

"ದೂಮಣ್ಣ, ಬಾಯಿ ಮುಚ್ಚಿ ಮಾರಾಯ್ರೆ!" ಬೇಲಿಯ ಹೊರಗಿನಿಂದ ಅನ್ಸಾರ್ ಅಂಗಲಾಚಿದ.

ತೃಪ್ತಿ ಬೇಲಿ ಹಿಡಿದೇ ಎದ್ದಳು. ಹಿಂದಿಯಲ್ಲೇ ಹೇಳಿದಳು: "ಸರ್, ಅದು ಸುಳ್ಳು. ಎಂಟು ದನ ಇದ್ದದ್ದು ಪಪ್ಪನ ಮನೆಯಲ್ಲಿ, ಅವರು ಸಣ್ಣವರಿರುವಾಗ. ನಾನು ಮುಟ್ಟಿದ ಮೊದಲ ದನ ಇದು. ಪಪ್ಪ ಫೋನಿನಲ್ಲಿ ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. ನನಗೆ ಪತ್ರ ಬೇಕಿತ್ತು, ಸುಮ್ಮನಿದ್ದೆ. ನೀವು ಸಾಯಬಹುದಿತ್ತು. ನನ್ನದೂ ತಪ್ಪು."

ಮಗಳ ಬಾಯಿಂದ ಬಂದಾಗ ಆ ಸುಳ್ಳು ಎಷ್ಟು ಅಗ್ಗದ್ದಾಗಿ ಕೇಳಿಸಿತೆಂದರೆ, ಹೋರಿ ತನ್ನನ್ನೇ ಗುದ್ದಿದ್ದರೆ ಚೆನ್ನಾಗಿತ್ತು ಎಂದು ದೂಮಪ್ಪನಿಗೆ ಅನ್ನಿಸಿತು.

"ಬೇರೆ ಏನು ಗೊತ್ತು?" ಡಾಕ್ಟರು ಅವಳನ್ನು ಕೇಳಿದರು.

"ಬೆಕ್ಕು. ಬೀದಿಬೆಕ್ಕುಗಳನ್ನು ಸಾಕುವವರ ಜೊತೆ ನಲವತ್ತು ಗಂಟೆ ಗೂಡು ತೊಳೆದಿದ್ದೇನೆ. ಅಷ್ಟೇ."

"ಆ ನಲವತ್ತು ನಿಜವಾ?"

"ಬೇಕಾದರೆ ಅವರ ನಂಬರ್ ಕೊಡ್ತೇನೆ."

ಡಾಕ್ಟರು ಬಿದ್ದ ಕತ್ತಿಯನ್ನು ಹೆಕ್ಕಿ ಬಕೆಟ್ಟಿಗೆ ಎಸೆದರು, ಪೆಟ್ಟಿಗೆಯಿಂದ ಹೊಸದು ತೆಗೆದರು. "ಹೋರಿ ಹಿಡಿಯಬಲ್ಲಳು ಎಂಬ ಪತ್ರ ನಾನು ಬರೆಯುವುದಿಲ್ಲ. ಖಲಾಸ್. ಶುಕ್ರವಾರ, ಶನಿವಾರ ಬಾ. ಆಡುಗಳ ದೊಡ್ಡಿ ಇದೆ, ಹಿಕ್ಕೆ ಗುಡಿಸುವುದರಿಂದ ಶುರು. ಆರು ವಾರ ಆದ ಮೇಲೆ ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ಅದು ಒಳ್ಳೆಯದಿರಲಿ, ಕೆಟ್ಟದಿರಲಿ, ಅದನ್ನೇ ಕಳಿಸಬೇಕು."

"ಕಳಿಸ್ತೇನೆ ಸರ್."

"ಕಾಲೇಜಿನವರು ಆಡಿನ ಪತ್ರ ಒಪ್ಪುತ್ತಾರಾ ಇಲ್ವಾ..." ದೂಮಪ್ಪ ಶುರು ಮಾಡಿದ.

"ಪಪ್ಪ, ಇನ್ನು ನನ್ನ ವಿಷಯ ನಾನೇ ಮಾತಾಡ್ತೇನೆ."

ಡಾಕ್ಟರು ಹಗ್ಗದ ತುದಿಯನ್ನು ಎತ್ತಿ ದೂಮಪ್ಪನ ಎದೆಗೆ ಒತ್ತಿದರು. "ಕೀವು ಅರ್ಧ ಒಳಗೇ ಇದೆ. ಎಂಟು ದನ ಸಾಕಿದವನು ನೀನಲ್ಲವಾ? ಹಿಡಿ."

ದೂಮಪ್ಪ ಶರ್ಟಿನ ತುದಿಯನ್ನು ಹರಿದು, ಸುಲಿದ ಅಂಗೈಗೆ ಸುತ್ತಿ, ಹಗ್ಗವನ್ನು ಮುಷ್ಟಿಯಲ್ಲಿ ಹಿಡಿದ. ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು. ಬಲಕ್ಕೆ ಎಳೆದು ಕಾಲು ಊರಿ ನಿಂತ. ಹೋರಿಯ ಬಿಸಿ ಉಸಿರು ಅವನ ಮೊಣಕೈಗೆ ತಾಗುತ್ತಿತ್ತು.

ಆಚೆ ಬದಿಯಲ್ಲಿ ಡಾಕ್ಟರು ತೃಪ್ತಿಯನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲಿ ಏನೋ ವಿವರಿಸುತ್ತಿದ್ದರು. ಅವಳು ಏನೋ ಕೇಳಿದಳು. ಅವರು ಕೆಲಸ ನಿಲ್ಲಿಸಿ ಉತ್ತರ ಕೊಟ್ಟರು. ಅವಳು ಮತ್ತೆ ಕೇಳಿದಳು. ದೂಮಪ್ಪನಿಗೆ ಅರ್ಧವೂ ತಿಳಿಯಲಿಲ್ಲ. ಇಬ್ಬರೂ ಅವನತ್ತ ನೋಡುತ್ತಿರಲಿಲ್ಲ, ಹೋರಿಯ ಹೆಗಲನ್ನು ನೋಡುತ್ತಿದ್ದರು. ಅವನು ಹಗ್ಗ ಬಿಡಲಿಲ್ಲ.