ಕೆಳಗಿನ ಸಾಲು

"ನಿಮ್ಮ ಫೈಲು ನಿಮ್ಮ ಆಫೀಸಿನ ಪುಟ್ಟ ಪ್ರಿಂಟರ್ ಮಾತು ಮಾತ್ರ ಕೇಳುತ್ತೆ ಕಣಮ್ಮ," ಎಂದ ಕಂಪಾಲಾದ ಮುದ್ರಣಾಲಯದ ಸೆಂಪಾ, ಫೋನಿನಲ್ಲಿ. "ನಮ್ಮ ಯಂತ್ರಕ್ಕೆ ಹಾಕಿದ್ರೆ, ಪುಟ ತುಂಬಿದ ಕಡೆಯೆಲ್ಲ ಕೆಳಗಿನ ಸಾಲು ಮಾಯ."

ಲೆತಾರು ಫೋನನ್ನು ಕಿವಿಗೆ ಒತ್ತಿಕೊಂಡಳು. ಅರುವಾ ಊರಿನ ಚರ್ಚ್ ಕಚೇರಿಯಲ್ಲಿ ಲುಗ್ಬರಾ ಭಾಷೆಯ ಕೀರ್ತನೆಗಳನ್ನೆಲ್ಲ ಬೆರಳಚ್ಚು ಮಾಡಿದವಳು ಅವಳೇ. ದಾನವಾಗಿ ಬಂದ ಲಿನಕ್ಸ್ ಕಂಪ್ಯೂಟರಿನಲ್ಲಿ ಅಚ್ಚಿಗೆ ಕಳಿಸುವ ಪೋಸ್ಟ್‌ಸ್ಕ್ರಿಪ್ಟ್ ಫೈಲು ಮಾಡುವಾಗ ಅದು ಯಾವ ಪ್ರಿಂಟರಿಗೆ ಎಂದು ಕೇಳಿತ್ತು. ಎಂದಿನಂತೆ ಪಕ್ಕದಲ್ಲಿದ್ದುದನ್ನೇ ಆರಿಸಿದ್ದಳು. ಅದರಲ್ಲೇ ಅಚ್ಚು ತೆಗೆದು ನೋಡಿದಾಗ ಒಂದಕ್ಷರವೂ ತಪ್ಪಿರಲಿಲ್ಲ. ದೇವರಿಗೆ ಸ್ತೋತ್ರ ಹೇಳಿ ಸಿ.ಡಿ.ಯನ್ನು ಬಸ್ಸಿಗೆ ಕೊಟ್ಟಿದ್ದಳು.

"ಹೀಗೇ ಬಿಟ್ರೆ ನಾಳೆ ಪುಸ್ತಕ ಕಳಿಸ್ತೀನಿ. ಬೇಡ ಅಂದ್ರೆ ಮುಂದಿನ ತಿಂಗಳೇ; ಶಾಲೆ ಪುಸ್ತಕಗಳು ಕಾದಿವೆ. ಹಾಡೋರಿಗೆ ಬಾಯಿಪಾಠ ಇರುತ್ತಲ್ಲ, ಯಾರು ನೋಡ್ತಾರೆ?"

ಮುಂದಿನ ತಿಂಗಳು! ಆಸ್ಪತ್ರೆಯಲ್ಲಿ ಮಲಗಿರುವ ಅದ್ರಿಕೊ ಅಜ್ಜ ಅಲ್ಲಿಯವರೆಗೆ ಉಳಿಯುತ್ತಾರೆಯೇ? ಆ ಕೀರ್ತನೆಗಳಲ್ಲಿ ಅರ್ಧಕ್ಕರ್ಧ ಅವರೇ ಕಟ್ಟಿದವು. ಸಂಜೆಯೊಳಗೆ ಹೇಳುತ್ತೇನೆಂದು ಫೋನಿಟ್ಟು ಅವಳು ಆಸ್ಪತ್ರೆಯ ದಾರಿ ಹಿಡಿದಳು.

ಅಜ್ಜ ಗೋಡೆಗೊರಗಿ ಕೂತಿದ್ದರು. ಸೊಸೆ ಕೊಟ್ಟ ಗಂಜಿ ಹಾಗೇ ಇತ್ತು.

"ಏನೇ, ಕೈಬೀಸಿಕೊಂಡು ಬಂದೆ? ಎಲ್ಲಿ ಪುಸ್ತಕ?"

"ತಪ್ಪು ಮಾಡಿಬಿಟ್ಟೆ ಅಜ್ಜ." ನಡೆದದ್ದನ್ನೆಲ್ಲ ಹೇಳಿದಳು.

"ಅಂದ್ರೆ ನಿನ್ನ ಕಂಪ್ಯೂಟರ್ ಪೆಟ್ಟಿಗೆಯೂ ನನ್ನ ಹಾಗೇ ಅನ್ನು. ಹರೆಯದಲ್ಲಿ ನಾನು ನನ್ನ ಗಂಟಲಿಗೆ ತಕ್ಕಂತೆ ಶ್ರುತಿ ಮೇಲೆ ಎತ್ತಿಬಿಡ್ತಿದ್ದೆ. ದನಿ ಎಟುಕದೆ ಸಭೆಗೆ ಸಭೆಯೇ ಬಾಯಿ ಮುಚ್ಚಿಕೊಂಡು ಕೂರ್ತಿತ್ತು." ನಗು ಕೆಮ್ಮಾಗಿ ತಿರುಗಿತು.

"ಹಾಗೇ ಅಚ್ಚಾದ್ರೆ ನಾಳೆ ನಿಮ್ಮ ಕೈಗೆ ಸಿಗುತ್ತೆ. ಬಿಟ್ಟುಹೋದ ಸಾಲು ಎಲ್ಲರಿಗೂ ಗೊತ್ತಲ್ಲ?"

"ಯಾರಿಗೆ?"

"ನಮಗೆಲ್ಲ."

"ನಮಗ್ಯಾಕೇ ಪುಸ್ತಕ, ಹುಚ್ಚಿ? ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ ಬೆಳೆದ ಮಕ್ಕಳು ಈಗ ಊರಿಗೆ ಬರ್ತಿದಾವೆ. ಅವು ಅರ್ಧ ಹಾಡಿ ಬಾಯಿ ಬಿಟ್ಕೊಂಡು ನಿಲ್ಲಬೇಕಾ?"

ಹಾಗೆಂದರೂ ಅವರ ಕಣ್ಣು ಅವಳ ಬರಿಗೈಯನ್ನು ಬಿಟ್ಟು ಕದಲಲಿಲ್ಲ. ಲೆತಾರುವಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕಚೇರಿಗೆ ಮರಳಿ, ಸೆಂಪಾನಿಗೆ ಹಾಗೇ ಅಚ್ಚು ಹಾಕುವುದು ಬೇಡವೆಂದು ಹೇಳಿ, ಅವನಿಂದ ಕಾಗದದ ಅಳತೆ ಕೇಳಿಕೊಂಡಳು. ಈ ಸಲ ಪಕ್ಕದ ಪ್ರಿಂಟರನ್ನು ಬಿಟ್ಟು, ಯಾವ ಕಂಪನಿಗೂ ಸೇರದ, ಎಲ್ಲ ಯಂತ್ರಕ್ಕೂ ಒಗ್ಗುವ 'ಜೆನೆರಿಕ್ ಪ್ರಿಂಟರ್' ಎಂಬುದನ್ನು ಆರಿಸಿದಳು. ಅಕ್ಷರಗಳ ಅಚ್ಚುಗಳಾದ ಫಾಂಟುಗಳನ್ನೂ ಫೈಲಿನೊಳಗೇ ಸೇರಿಸಿದಳು. ಪರದೆಯ ಮೇಲೆ ಪ್ರತಿ ಪುಟದ ಬುಡವನ್ನೂ ನೋಡಿದಳು. ಎಲ್ಲ ಸಾಲೂ ಇದ್ದವು. ಪಕ್ಕದ ಪ್ರಿಂಟರ್ ದೂಳು ತಡೆಯುವ ಬಟ್ಟೆ ಹೊದ್ದು ಸುಮ್ಮನಿತ್ತು. ಹೊಸ ಸಿ.ಡಿ.ಯನ್ನು ಬಸ್ಸಿನ ಚಾಲಕನ ಕೈಗಿಟ್ಟು ಮತ್ತೆ ಆಸ್ಪತ್ರೆಗೆ ಬಂದಳು.

"ಹೋಯ್ತಾ?"

"ಹೋಯ್ತು ಅಜ್ಜ."

ಅವರು ಕಣ್ಣು ಮುಚ್ಚಿದರು. ಹಾಗೇ ಒಂದು ಕೀರ್ತನೆ ಎತ್ತಿದರು. ತೀರ ಕೆಳಗಿನ ಶ್ರುತಿ. ಸೊಸೆ ಪಾತ್ರೆ ತೊಳೆಯುತ್ತಲೇ ದನಿ ಕೂಡಿಸಿದಳು. ಎದುರು ಮಂಚದ ಹುಡುಗನ ತಾಯಿ ಕೂಡಿಸಿದಳು. ಬಾಗಿಲಲ್ಲಿ ಕಸ ಗುಡಿಸುತ್ತಿದ್ದವನೂ ಪೊರಕೆ ನಿಲ್ಲಿಸಿ ಸೇರಿಕೊಂಡ.

ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅಜ್ಜನ ತುಟಿಗಳು ಮಾತ್ರ ಆಡುತ್ತಿದ್ದವು. ಸಾಲು ನಿಲ್ಲಲಿಲ್ಲ.