ಮೊದಲ ಬನ್ನು

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?" ಎಂದು ನರ್ಸ್ ಕೇಳಿದಾಗ ಬೇಕರಿಯವನು "ಇಲ್ಲಮ್ಮ" ಎಂದ. ಅಷ್ಟರಲ್ಲಿ ಹಲ್ಲಿನ ಸಂದಿಯ ಎಳ್ಳುಕಾಳೊಂದು ನಾಲಿಗೆಗೆ ತಗುಲಿತು.

"ಒಂದು ಬನ್ನು..." ಎಂದ ಮೆಲ್ಲಗೆ. "ರುಚಿ ನೋಡೋಕೆ."

ಒಲೆಯಿಂದ ತೆಗೆದ ಮೊದಲ ಬನ್ನನ್ನು ಬಾಯಿಗೆ ಹಾಕಿಕೊಳ್ಳದೆ ಅವನು ತಟ್ಟೆಯನ್ನು ಅಂಗಡಿಗೆ ಕಳಿಸಿದವನಲ್ಲ. ಅಣ್ಣ ಕಲಿಸಿದ ಅಭ್ಯಾಸ. ಹಿಂದಿನ ದಿನವೆಲ್ಲ ಬರೀ ನೀರು, ಭೇದಿ ಮಾಡಿಸುವ ಔಷಧಿ ಕುಡಿದು ಕಕ್ಕಸಿಗೂ ಮಂಚಕ್ಕೂ ಅಲೆದದ್ದು ದಂಡವಾಯಿತು. ಹೊಟ್ಟೆ ಖಾಲಿಯಿಲ್ಲದೆ ಕರುಳಿನ ಪರೀಕ್ಷೆ ಆಗದೆಂದು ಇನ್ನೊಂದು ದಿನ ಬರಲು ಹೇಳಿದರು. ಮೆಟ್ಟಿಲಿಳಿಯುವಾಗ ಮೈಯೆಲ್ಲ ಹಗುರವಾಯಿತು. ಆ ಹಗುರವೇ ಅವನನ್ನು ಚುಚ್ಚಿತು: ನಿಜಕ್ಕೂ ಮರೆತೇ ತಿಂದೆನೇ?

ಅಣ್ಣನನ್ನು ದೊಡ್ಡ ಕರುಳಿನ ಕ್ಯಾನ್ಸರ್ ತಿಂದುಹಾಕಿದ ಮೇಲೆ ಅತ್ತಿಗೆಯೇ ಗಲ್ಲಾದಲ್ಲಿ ಕೂರುತ್ತಿದ್ದಳು. ತಮ್ಮನೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದನ್ನು ಬಿಡದೆ ಹಿಡಿದವಳೂ ಅವಳೇ.

"ನಿಮ್ಮಣ್ಣಂದೂ ಇದೇ ಹಾಡು," ಎಂದಳು. "ಇವತ್ತು ಒಲೆ ರಿಪೇರಿ, ನಾಳೆ ಮೈದಾ ಬರುತ್ತೆ ಅಂತ. ಒಳಗಿನ ಗಂಟಿಗೆ ರಜಾ ಇರ್ಲಿಲ್ಲ."

"ನಾಚಿಕೆ ಆಗುತ್ತೆ ಅತ್ತಿಗೆ. ಕ್ಯಾಮೆರಾ ಎಲ್ಲಿಂದ ಹಾಕ್ತಾರೆ ಗೊತ್ತಾ?"

"ಗೊತ್ತಪ್ಪ. ಆ ಡಾಕ್ಟ್ರು ನಾಳೆ ರಸ್ತೇಲಿ ಸಿಕ್ಕಿದ್ರೆ ಅದನ್ನ ನೋಡಿ ನಿನ್ನ ಗುರುತು ಹಿಡಿಯಲ್ಲ ಬಿಡು."

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. "ಏನಾದ್ರೂ ಸಿಕ್ಕಿದ್ರೆ?"

"ಇದ್ರೆ ತಾನೆ ಸಿಗೋದು? ಈಗ ಸಿಕ್ಕಿದ್ರೆ ಕಿತ್ತು ಹಾಕ್ತಾರೆ. ನಿಮ್ಮಣ್ಣಂಗೆ ಸಿಕ್ಕಾಗ ಕೀಳೋ ಕಾಲ ದಾಟಿತ್ತು."

ಮತ್ತೆ ಪರೀಕ್ಷೆಯ ದಿನ ಬಂದಾಗ, ಬೆಳಿಗ್ಗೆ ಅತ್ತಿಗೆ ಒಲೆಯ ಪಕ್ಕದಲ್ಲೇ ಬಂದು ನಿಂತಳು. ಅವನು ಮೊದಲ ಬನ್ನನ್ನು ಮುರಿದ. ಬಾಯಿಯ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ತುಂಡನ್ನು ಅವಳ ಮುಂದೆ ಚಾಚಿದ. ಅವಳು ಬಹಳ ಹೊತ್ತು ಅಗಿದಳು.

"ಹೇಗಿದೆ?"

"ಚೆನ್ನಾಗಿದೆ. ನೀನು ಹೊರಡು ಮೊದಲು."

ಆಸ್ಪತ್ರೆಯಲ್ಲಿ ಎಡಮಗ್ಗುಲಿಗೆ ಮಲಗಿಸಿ, ಕೈಗೆ ಸೂಜಿ ಚುಚ್ಚಿದರು. ಹೆದರಲು ಶುರುಮಾಡುವಷ್ಟರಲ್ಲಿ ನಿದ್ದೆ ಹಿಡಿಯಿತು. ಎಚ್ಚರವಾದಾಗ ಎಲ್ಲ ಮುಗಿದಿತ್ತು.

"ಒಂದು ಸಣ್ಣ ಗಂಟಿತ್ತು, ತೆಗೆದಿದ್ದೀವಿ," ಎಂದರು ಡಾಕ್ಟರು. "ನೋಡಿದ್ರೆ ಕೆಟ್ಟದ್ದು ಅನ್ನಿಸಲ್ಲ. ಆದ್ರೂ ಪರೀಕ್ಷೆಗೆ ಕಳಿಸಿದ್ದೀವಿ. ಸದ್ಯ ಬಂದ್ರಲ್ಲ."

ಕರೆತರಲು ಬಂದಿದ್ದ ಅತ್ತಿಗೆಯ ಜೊತೆ ಅಂಗಡಿಗೆ ಮರಳಿದಾಗ ಬೆಳಗಿನ ತಟ್ಟೆಗಳೆಲ್ಲ ಬಟ್ಟೆ ಹೊದ್ದುಕೊಂಡು ಹಾಗೇ ಇದ್ದವು. ಅತ್ತಿಗೆ ಒಂದು ಬನ್ನನ್ನೂ ಮಾರಿರಲಿಲ್ಲ. ಅವನು ಒಂದನ್ನು ತೆಗೆದು ಕಚ್ಚಿದ. ಉಪ್ಪೇ ಇರಲಿಲ್ಲ.

ಅತ್ತಿಗೆ ಆ ಕಡೆ ತಿರುಗಿ ಗಾಜು ಒರೆಸುತ್ತಿದ್ದಳು. ಅವನು ನಿಧಾನವಾಗಿ ಇಡೀ ಬನ್ನನ್ನು ತಿಂದು ಮುಗಿಸಿದ.