ಮೂರನೇ ಡಬ್ಬಿ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಎಲ್ಲರೂ ಅವಳನ್ನು ‘ಡಬ್ಬಿ ಮೇಡಂ’ ಎಂದೇ ಕರೆಯುತ್ತಿದ್ದರು. ರೋಗಿ ಮನೆಗೆ ಹೊರಡುವಾಗ ಕೈಗಿಡುವ ಚೀಟಿಯ ಪ್ರೋಗ್ರಾಂ ಬರೆದವಳು ಅವಳು. ಆ ಪ್ರೋಗ್ರಾಂನಲ್ಲಿ ರೋಗಿಯ ವಿವರ ಎಂಬುದು ಒಂದು ದೊಡ್ಡ ಡಬ್ಬಿ. ಅದರೊಳಗೆ ಒಂದೊಂದು ಮಾತ್ರೆಗೂ ಒಂದೊಂದು ಡಬ್ಬಿ. ಮಾತ್ರೆಯ ಡಬ್ಬಿಯೊಳಗೆ ಎಚ್ಚರಿಕೆಗಳ ಮೂರನೇ ಡಬ್ಬಿ. ಪ್ರೋಗ್ರಾಂ ಒಂದೊಂದಾಗಿ ತೆರೆಯುತ್ತ, ಒಳಗಿಳಿದಂತೆಲ್ಲ ಸಾಲನ್ನು ತುಸು ಒಳಕ್ಕೆ ಸರಿಸಿ ಮುದ್ರಿಸುತ್ತಿತ್ತು. ಯಾವ ಎಚ್ಚರಿಕೆ ಯಾವ ಮಾತ್ರೆಯದು ಎಂಬ ಗೊಂದಲಕ್ಕೆ ಎಡೆಯೇ ಇರಲಿಲ್ಲ.

“ಮೂರು ಮೂರು ಪುಟ ಬರ್ತಿದೆ. ಒಂದೇ ಪುಟಕ್ಕೆ ಇಳಿಸಿ,” ಎಂದರು ಮ್ಯಾನೇಜರ್.

“ಎಚ್ಚರಿಕೆಗಳು ಬಿಟ್ಟುಹೋಗ್ತವೆ ಸರ್.”

“ಅದನ್ನ ನರ್ಸ್ ಬಾಯಲ್ಲೇ ಹೇಳ್ತಾರೆ ಬಿಡಿ.”

“ಹಾಗಿದ್ರೆ ಈ ಆದೇಶ ಬರೆದುಕೊಡಿ.”

“ಪಕ್ಕದ ಕುರ್ಚಿಗೆ ಪತ್ರ ಬರೀಬೇಕಾ?” ಎಂದು ನಕ್ಕರು.

ಎರಡು ದಿನ ವಾದಿಸಿದಳು. ಗೋಡೆಗೆ ತಲೆ ಚಚ್ಚಿಕೊಂಡಂತಾಯಿತು. ಮೂರನೆಯ ದಿನ ಪ್ರೋಗ್ರಾಂಗೆ ಒಂದೇ ಒಂದು ಸಾಲು ಸೇರಿಸಿದಳು: ಎರಡನೇ ಹಂತದಿಂದ ಕೆಳಗೆ ಇಳಿಯಬೇಡ.

ಐದು ವಾರ ಕಳೆದಿರಬಹುದು. ಅವಳ ಭಾವ, ದರ್ಜಿ, ಅದೇ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆ ಮುಗಿಸಿ ಮನೆಗೆ ಬಂದರು. ರಕ್ತ ತೆಳುವಾಗಲು ಮಾತ್ರೆ ಕೊಟ್ಟಿದ್ದರು. ನಿಂತು ಬಟ್ಟೆ ಕತ್ತರಿಸುವವರಿಗೆ ಮಂಡಿನೋವು ಇದ್ದದ್ದೇ. ವಾರವಿಡೀ ಔಷಧಿ ಅಂಗಡಿಯ ನೋವಿನ ಮಾತ್ರೆಯನ್ನೂ ನುಂಗಿದರು. ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆಯೇ ರಕ್ತ ಕಾರಿದರು. ಜೀವವೇನೋ ಉಳಿಯಿತು. ಆದರೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದ ಮೇಲೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಬಿದ್ದುಹೋಯಿತು.

ಅಕ್ಕ ಚೀಟಿಯನ್ನು ಅವಳ ಮುಂದೆ ಹಿಡಿದಳು. “ದಿನಾ ಓದಿದ್ದೀನಿ ಕಣೇ. ಒಂದಕ್ಷರ ಬಿಡದೆ ಓದಿದ್ದೀನಿ. ನೋವಿನ ಮಾತ್ರೆ ತಗೋಬಾರದು ಅಂತ ಇದರಲ್ಲಿ ಎಲ್ಲಿದೆ?”

ಸುಮ್ಮನಿದ್ದರೆ ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

“ಕಂಪ್ಯೂಟರ್‌ನಲ್ಲಿ ಇತ್ತಕ್ಕ. ಮುದ್ರಿಸಬೇಡ ಅಂತ ಮಾಡಿದವಳು ನಾನೇ.”

ಅಕ್ಕ ಚೀಟಿ ಮಡಚಿ ಒಳಗೆ ಹೋದಳು.

ಆಸ್ಪತ್ರೆ ನಡೆಸಿದ ವಿಚಾರಣೆಯಲ್ಲಿ ಮ್ಯಾನೇಜರ್ ಕಂಪ್ಯೂಟರ್ ಪರದೆ ತೋರಿಸಿದರು. “ಯಾರ ಹೆಸರಲ್ಲಿ ಬದಲಾಗಿದೆ, ನೀವೇ ನೋಡಿ.” ಹೆಸರು ಅವಳದು, ತಾರೀಕೂ ಅಲ್ಲೇ ಇತ್ತು. ಬಾಯಿಮಾತಿನ ಆಜ್ಞೆಗೆ ಸಾಕ್ಷಿ ಎಲ್ಲಿಂದ ಬರಬೇಕು? ಭಾವ ಮನೆಗೆ ಹೊರಟ ದಿನ ಮೂವತ್ತು ರೋಗಿಗಳನ್ನು ನೋಡಿಕೊಂಡ ನರ್ಸ್ “ಎಚ್ಚರಿಕೆ ಹೇಳಿದೆನೋ ಇಲ್ಲವೋ ನೆನಪಿಲ್ಲ” ಎಂದು ಅತ್ತಳು. ಡಬ್ಬಿ ಮೇಡಂ ಕೈಗೆ ಕೆಲಸದಿಂದ ತೆಗೆದ ಪತ್ರ ಬಂತು. ಆ ಒಂದು ಸಾಲನ್ನು ಅಳಿಸಿಹಾಕಿದ ಮ್ಯಾನೇಜರ್, ಎಚ್ಚರಿಕೆಗಳು ಮರಳಿ ಬಂದ ಚೀಟಿಯನ್ನು ತಿಂಗಳ ಸಭೆಯಲ್ಲಿ ‘ರೋಗಿಗಳ ಸುರಕ್ಷತೆಗೆ ಹೊಸ ಸೌಲಭ್ಯ’ ಎಂದು ತೋರಿಸಿ ಚಪ್ಪಾಳೆ ಗಿಟ್ಟಿಸಿದರಂತೆ.

ಈಗ ಅವಳು ಬೆಳಗ್ಗೆ ಭಾವನ ಅಂಗಡಿಗೆ ಹೋಗುತ್ತಾಳೆ. ಕತ್ತರಿಸಿಟ್ಟು ಹೊಲಿಯದೆ ಉಳಿದ ಬಟ್ಟೆಗಳನ್ನು ಗಿರಾಕಿಗಳಿಗೆ ಹಿಂದಿರುಗಿಸಬೇಕು.

“ತಪ್ಪು ನಿಂದಲ್ಲ ಬಿಡಮ್ಮಾ,” ಎಂದರು ಭಾವ ಒಂದು ದಿನ, ತೊದಲುತ್ತ.

ಅಂಗಡಿಯ ಹಿಂದಿನ ಮನೆಯೊಳಗೆ ಅಕ್ಕ ಪಾತ್ರೆಯನ್ನು ದಡ್ಡನೆ ಕುಕ್ಕಿದ್ದು ಕೇಳಿಸಿತು.

ಬಾಗಿಲಲ್ಲಿ ಹೆಂಗಸೊಬ್ಬಳು ಮಗಳ ಲಂಗ-ರವಿಕೆಯ ತುಂಡುಗಳನ್ನು ತಿರುವಿ ನೋಡುತ್ತಿದ್ದಳು. “ಹೀಗೆ ಕತ್ತರಿಸಿದ್ದನ್ನ ಇನ್ನು ಯಾರು ಹೊಲಿತಾರೆ?” ಎಂದು ಕೇಳಿದಳು. ಡಬ್ಬಿ ಮೇಡಂ ತೋಳು, ಕೊರಳು, ಅಂಚುಗಳನ್ನೆಲ್ಲ ಒಟ್ಟುಮಾಡಿ ಹಳೆಯ ಕಾಗದದಲ್ಲಿ ಸುತ್ತಿ ಕೊಟ್ಟಳು.